ಕಂಬಳಿಯ ಮೇಲಿನ ಮಾತು

ವಾಡೆಯನ್ನು ಊರಿಗೆ ಅರ್ಪಿಸಬೇಕೆಂದು ತೀರ್ಮಾನಿಸಿದ ಗಂಗಾಧರ ಮಾಡಿದ ಮೊದಲ ಕೆಲಸ, ಅದರೊಳಗಿದ್ದ ಊರನ್ನು ಹೊರಗೆ ಹಾಕಿದ್ದು.

ಅದರಲ್ಲಿ ತಪ್ಪೇನಿಲ್ಲ. ಮನೆ ಖಾಲಿ ಮಾಡಿಸದೆ ಯಾರು ತಾನೇ ಸುಣ್ಣ ಬಳಿಸಿದ್ದಾರೆ? ಚಿಗಟೇರಿಯಿಂದ ಒಳದಾರಿ ಹಿಡಿದರೆ ಸಿಗುವ ಕಲ್ಲಹಾಳಿನ ನಟ್ಟನಡುವೆ ನಿಂತ ಆ ವಾಡೆ ಅವನ ಮುತ್ತಜ್ಜನದು. ಮುತ್ತಜ್ಜ ಊರ ಗೌಡ. ಅಜ್ಜನ ಕಾಲಕ್ಕೆ ಗೌಡಿಕೆ ಹೋಯಿತು, ಅಪ್ಪನ ಕಾಲಕ್ಕೆ ಮನೆತನವೇ ಎದ್ದು ಕೊಟ್ಟೂರಿಗೆ ಹೋಗಿ ಅಂಗಡಿ ಇಟ್ಟಿತು. ವಾಡೆಗೆ ಕಾಲಿಲ್ಲದ್ದರಿಂದ ಅದು ಅಲ್ಲೇ ಉಳಿದು, ಮಳೆಗಾಲಕ್ಕೊಂದು ತೊಲೆಯಂತೆ ಉದುರಿಸಿಕೊಳ್ಳುತ್ತ ಕುಳಿತಿತ್ತು. ಕುಸಿಯುವ ಮನೆಗೆ ಯಜಮಾನ ಬಾರದಿದ್ದರೂ ಜನ ಬರುತ್ತಾರೆ. ಕುದುರೆಲಾಯದಲ್ಲಿ ಕುರಿಗಾರ ಹೊನ್ನೂರಸ್ವಾಮಿಯ ಕುರಿಗಳು ಮಳೆಗೆ ನಿಂತವು. ಪಡಸಾಲೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಬೇಸಗೆಯಿಡೀ ಹೆಂಗಸರು ಶಾವಿಗೆ ಹೊಸೆದರು. ಹೊರಗಿನ ಕಟ್ಟೆಯ ಮೇಲೆ ಯಾರೋ ಯಾವತ್ತೋ ಕೊರೆದಿದ್ದ ಚೌಕಾಬಾರದ ಮನೆಗಳ ಸುತ್ತ ಮುದುಕರು ಕುಳಿತು, ಹುಣಸೆಬೀಜ ಉರುಳಿಸಿ, ಸತ್ತವರ ಹೆಸರು ಹಿಡಿದು ಜಗಳವಾಡಿದರು. ಯಾರ ಮನೆಯ ಮದುವೆಯಾದರೂ ಒಲೆ ಹೂಡುವುದು ವಾಡೆಯ ಹಿತ್ತಲಲ್ಲೇ. ಇದನ್ನೆಲ್ಲ ಯಾರೂ ಯಾರಿಗೂ ಅರ್ಪಿಸಿರಲಿಲ್ಲ. ಹಾಗಾಗಿ ಯಾರಿಗೂ ಅದರ ಬೆಲೆ ಗೊತ್ತಿರಲಿಲ್ಲ ಎಂಬುದು ಗಂಗಾಧರನ ಅಭಿಪ್ರಾಯ.

ಅವನಿಗೆ ಬೇಕಾದದ್ದು ಒಂದೇ ಒಂದು ಹೆಸರು. ಮುತ್ತಜ್ಜನನ್ನು ಊರು ‘ವಾಡೇದ ಗೌಡ್ರು’ ಎನ್ನುತ್ತಿತ್ತು. ಗಂಗಾಧರನನ್ನು ಎದುರಿಗೆ ‘ಸಾವ್ಕಾರ್ರ’ ಎನ್ನುತ್ತಿತ್ತು, ಬೆನ್ನ ಹಿಂದೆ ‘ಸಿಮೆಂಟ್ ಗಂಗಾಧರ’ ಎನ್ನುತ್ತಿತ್ತು. ಕೊಟ್ಟೂರಿನಲ್ಲಿ ಅವನದು ಸಿಮೆಂಟು, ಸರಳಿನ ವ್ಯಾಪಾರ. ಸುತ್ತಲಿನ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿಸಿ ಆರ್‌ಸಿಸಿ ಹಾಕಿಸಿದ ಪುಣ್ಯದಲ್ಲಿ ದೊಡ್ಡ ಪಾಲು ಅವನದೇ. ಒಮ್ಮೆ ಹೂವಿನಹಡಗಲಿಯ ಮದುವೆಯಲ್ಲಿ, ಊಟಕ್ಕೆ ಕುಳಿತ ಅಪರಿಚಿತನೊಬ್ಬ, ‘ಓ, ನೀವು ಸಿಮೆಂಟ್ ಗಂಗಾಧರ ಅವ್ರಾ?’ ಎಂದು ಅತ್ಯಂತ ಗೌರವದಿಂದ ಕೇಳಿದಾಗ ಇವನ ಕೈಯಲ್ಲಿದ್ದ ಹೋಳಿಗೆ ಹಾಗೇ ನಿಂತಿತ್ತು. ಅಂದೇ ತೀರ್ಮಾನವಾಯಿತು. ವಾಡೆ ಎದ್ದು ನಿಲ್ಲಬೇಕು, ಜೊತೆಗೆ ಹೆಸರೂ ಏಳಬೇಕು.

ದಾವಣಗೆರೆಯಿಂದ ಸುಮಲತಾ ಬಂದಳು. ಹಳೆಯ ಮನೆಗಳನ್ನು ಬದುಕಿಸುವುದೇ ಅವಳ ಕಸುಬು. ಹತ್ತಿ ಸೀರೆ, ಹಿತ್ತಾಳೆ ಬಳೆ, ಹೆಗಲಿಗೊಂದು ಕ್ಯಾಮೆರಾ. ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, “ಸಿಮೆಂಟು ವಿಷ ಸಾರ್, ಒಂದು ಚಮಚ ಕೂಡ ತಾಗಬಾರದು” ಎಂದಳು. ಗಂಗಾಧರ ಭಕ್ತಿಯಿಂದ ತಲೆಯಾಡಿಸಿದ. ಅಲ್ಲಿಂದ ಮುಂದೆ ಸಿಮೆಂಟು ಮಾರಿ ಬಂದ ಹಣದಲ್ಲಿ ಸಿಮೆಂಟನ್ನು ಬಯ್ಯುತ್ತ ಗಾರೆ ಅರೆಸುವುದು ಅವನ ದಿನಚರಿಯಾಯಿತು.

ಗಾರೆಗೆ ಸುಣ್ಣ, ಮರಳು, ಬೆಲ್ಲದ ನೀರಿನ ಜೊತೆ ಕೋಳಿಮೊಟ್ಟೆಯ ಬಿಳಿಯನ್ನೂ ಬೆರೆಸಬೇಕೆಂದು ಸುಮಲತಾ ಹೇಳಿದಾಗ ಮಾತ್ರ ಅವನ ತಾಯಿ ಕಲ್ಯಾಣಮ್ಮ ಅಡ್ಡಬಂದಳು.

“ತತ್ತಿ ಕುಡಿದ ಗ್ವಾಡಿಗೆ ನಾನು ಬೆನ್ನು ಹಚ್ಚಂಗಿಲ್ಲ. ಲಿಂಗವಂತ್ರ ಮನಿ ಇದು.”

“ಅಮ್ಮಾ, ನಿಮ್ಮ ಹಿರಿಯರೂ ಹಾಕಿಸಿರ್ತಾರೆ,” ಎಂದಳು ಸುಮಲತಾ.

“ಅವರು ನಂಗ ಹೇಳಿಲ್ಲ. ನೀ ಹೇಳಿಬಿಟ್ಟಿ. ಇನ್ನ ಆಗಂಗಿಲ್ಲ.”

ಮೊಟ್ಟೆಯ ಬದಲಿಗೆ ಬೆಲ್ಲವನ್ನೇ ಹೆಚ್ಚು ಸುರಿದರು. ಗೋಡೆ ಗಟ್ಟಿಯಾಯಿತೋ ಇಲ್ಲವೋ, ಇಡೀ ತಾಲ್ಲೂಕಿನ ಇರುವೆಗಳಿಗೆ ಸುದ್ದಿ ಮುಟ್ಟಿತು. ಪರಂಪರೆಯನ್ನು ನೋಡಲು ಮೊದಲು ಸಾಲುಗಟ್ಟಿ ಬಂದವರು ಅವರೇ.

ಎರಡು ಬೇಸಗೆ ಕೆಲಸ ನಡೆಯಿತು. ತೊಲೆಗಳು ಎದ್ದವು, ಕಂಬಗಳಿಗೆ ಎಣ್ಣೆ ಬಿತ್ತು. ಕಟ್ಟೆಯ ಕಲ್ಲಿಗೆ ಮೆಷಿನ್ ಹಿಡಿದು ‘ಗೀರುಗಳನ್ನೆಲ್ಲ’ ತೆಗೆದು ಕನ್ನಡಿಯಂತೆ ನುಣುಪು ಮಾಡಿದರು. ಆ ಗೀರುಗಳಲ್ಲಿ ಚೌಕಾಬಾರದ ಮನೆಗಳೂ ಹೋದವು. ಸುತ್ತ ಕಾಂಪೌಂಡ್ ಎದ್ದಿತು, ಕಾಂಪೌಂಡಿಗೆ ಗೇಟು, ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ, ಬೀಗಕ್ಕೆ ಕಾವಲಾಗಿ ಹೊನ್ನೂರಸ್ವಾಮಿ. ‘ಸಮುದಾಯಕ್ಕೆ ಉದ್ಯೋಗ’ ಎಂದು ಸುಮಲತಾ ಅದನ್ನು ತನ್ನ ವರದಿಯಲ್ಲಿ ಬರೆದುಕೊಂಡಳು. ಅವನ ಕುರಿಗಳು ಆ ವರ್ಷ ಮಳೆಯಲ್ಲಿ ನೆನೆದದ್ದನ್ನು ಬರೆದುಕೊಳ್ಳಲು ವರದಿಯಲ್ಲಿ ಜಾಗವಿರಲಿಲ್ಲ.

ಕೊನೆಗೆ ಬೋರ್ಡು ಬಂತು. ಮೇಲೆ ದೊಡ್ಡದಾಗಿ: ‘ಪಾರಂಪರಿಕ ವಾಡೆ. ಸಮುದಾಯಕ್ಕೆ ಸಮರ್ಪಿತ.’ ಕೆಳಗೆ ಸಣ್ಣದಾಗಿ: ಪ್ರವೇಶ ಶನಿವಾರ ಬೆಳಿಗ್ಗೆ ಮಾತ್ರ, ಉಗುಳಬಾರದು, ಏನನ್ನೂ ಒಣಗಿಸಬಾರದು, ಅಡುಗೆ ಮಾಡಬಾರದು, ಕುರಿಗಳಿಗೆ ಪ್ರವೇಶವಿಲ್ಲ. ಉಳಿದ ದಿನಗಳಿಗೆ ಗಂಗಾಧರನ ತಲೆಯಲ್ಲಿ ಬೇರೆ ಯೋಜನೆಯಿತ್ತು. ಹಂಪಿಗೆ ಹೋಗುವ ಪ್ರವಾಸಿಗರು ಒಂದು ರಾತ್ರಿ ಇಲ್ಲಿ ತಂಗುತ್ತಾರೆ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಕಂಬಕ್ಕೆ ಒರಗುತ್ತವೆ.

“ಜನ ಬರಬೇಕು ಸಾರ್. ಆದ್ರೆ ಕ್ಯುರೇಟ್ ಆಗಿ ಬರಬೇಕು,” ಎಂದಿದ್ದಳು ಸುಮಲತಾ.

“ಅಂದ್ರ?”

“ಅಂದ್ರೆ, ನಾವು ಕರೆದಾಗ.”

ಬೋರ್ಡನ್ನು ಹೊನ್ನೂರಸ್ವಾಮಿ ತನ್ನ ತಾಯಿ ಪಕ್ಕೀರಮ್ಮನಿಗೆ ಓದಿ ಹೇಳಿದ. ಮುದುಕಿ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು, “ಸಮುದಾಯ ಅಂದ್ರ ಯಾರಪಾ, ಯಾ ಊರನೋರು? ಭಾಳ ಅಚ್ಚುಕಟ್ಟಿನ ಮಂದಿ ಇದ್ದಂಗ ಕಾಣ್ತತಿ. ಉಗುಳಂಗಿಲ್ಲ, ಉಣ್ಣಂಗಿಲ್ಲ,” ಎಂದಳು. ಹಿಂದೆ ನಿಂತಿದ್ದ ಸೊಸೆ ಶಿವಲೀಲಾ ಸೆರಗು ಬಾಯಿಗೆ ಒತ್ತಿಕೊಂಡಳು.

ಉದ್ಘಾಟನೆಗೆ ಪ್ಲಾಸ್ಟಿಕ್ ಕುರ್ಚಿ ಬೇಡವೆಂದಳು ಸುಮಲತಾ. ವೇದಿಕೆಯೂ ಬೇಡ. ಗಂಗಾಧರ ನೆಲದ ಮೇಲೆ, ಜನರ ಮಟ್ಟದಲ್ಲಿ, ಕರಿಯ ಕಂಬಳಿಯೊಂದರ ಮೇಲೆ ಕೂರಬೇಕು. ಬಿಳಿ ಪಂಚೆ, ಕರಿ ಕಂಬಳಿ, ಹಿಂದೆ ಎಣ್ಣೆ ಕುಡಿದ ಕಂಬ. ಫೋಟೋ ಹೇಗೆ ಬರಬಹುದೆಂದು ಅವಳು ಎರಡು ಕೈಯಿಂದ ಚೌಕಟ್ಟು ಮಾಡಿ ತೋರಿಸಿದಳು.

“ಸಂತಿಯಾಗ ಹೊಸಾವು ಸಿಗ್ತಾವ್ರಿ ಮೇಡಮ್,” ಎಂದ ಹೊನ್ನೂರಸ್ವಾಮಿ.

“ಹೊಸದು ಬೇಡಪ್ಪ. ಹಳೇದು ಬೇಕು. ಹಿಂದೆ ಒಂದು ಕಥೆ ಇರಬೇಕು.”

“ಕಥಿ ಇರಾದಾ?” ಹೊನ್ನೂರಸ್ವಾಮಿ ತಲೆ ಕೆರೆದುಕೊಂಡ. “ಅಂಥಾದು ಒಂದೈತ್ರಿ. ನಮ್ಮವ್ವನ್ನ ಕೇಳ್ಬೇಕು.”

ಅದು ಅವರ ವಂಶದ ಗದ್ದುಗೆ ಕಂಬಳಿ. ಆ ಸೀಮೆಯ ಕುರಿಗಾರರಲ್ಲಿ ಅಣ್ಣತಮ್ಮಂದಿರು ಕುರಿ ಪಾಲು ಮಾಡಿಕೊಳ್ಳಬೇಕಾದರೆ, ಹೆಣ್ಣು ಕೊಟ್ಟು ತರುವ ಮಾತಾಗಬೇಕಾದರೆ, ಹರಿದ ಸಂಬಂಧ ಹೊಲಿಯಬೇಕಾದರೆ ಕಂಬಳಿ ಹಾಸಿ, ಭಂಡಾರದ ಅರಿಶಿನಪುಡಿ ಚೆಲ್ಲಿ, ಅದರ ಮೇಲೆ ಕುಳಿತು ಮಾತಾಡುತ್ತಾರೆ. ಅಲ್ಲಿ ಆಡಿದ್ದು ಮೈಲಾರಲಿಂಗನ ಮುಂದೆ ಆಡಿದ ಹಾಗೆ. ಆಮೇಲೆ ಅದನ್ನು ಬರೆಯುವವರಿಲ್ಲ, ಅಳಿಸುವವರಿಲ್ಲ, ‘ನಾನು ಹೇಳಿದ ಅರ್ಥ ಬೇರೆ’ ಎನ್ನುವವರಂತೂ ಇಲ್ಲವೇ ಇಲ್ಲ. ಇದು ಗಂಗಾಧರನಿಗೆ ಗೊತ್ತಿರಲಿಲ್ಲವೆಂದಲ್ಲ. ಚಿಕ್ಕಂದಿನಲ್ಲಿ ರಜೆಗೆ ಊರಿಗೆ ಬಂದಾಗ ಕಣ್ಣಾರೆ ಕಂಡಿದ್ದ. ಆದರೆ ಅದು ಅವರ ಪದ್ಧತಿ. ಅವರ ಪದ್ಧತಿಯನ್ನು ತನ್ನ ಕೆಳಗೆ ಹಾಸಿಕೊಂಡರೆ ಅದು ತನಗೂ ತಗಲುತ್ತದೆಂದು ಅವನಿಗೆ ಹೊಳೆಯಲಿಲ್ಲ. ನಮ್ಮಲ್ಲಿ ಓದಿದವರ ಮನೆಯ ಗೋಡೆಗೆ ನೇತುಹಾಕಿದ ಮೊರ ಧಾನ್ಯ ಕೇರುತ್ತದೆಯೇ? ಹಾಗೇ ಇದೂ.

ಪಕ್ಕೀರಮ್ಮ ಗೇಟಿನವರೆಗೆ ತಾನೇ ಬಂದಳು.

“ಕಂಬಳಿ ಬೇಕಂದಿಯಂತಲ್ಲಪಾ. ಗ್ವಾಡಿಗೆ ತೂಗು ಹಾಕಾಕೋ, ಕುಂದ್ರಾಕೋ?”

“ಕುಂದ್ರಾಕ ಯವ್ವಾ.”

“ಬರೇ ಕುಂದ್ರಾಕೋ, ಕುಂತು ಮಾತಾಡಾಕೋ?”

“ಕುಂತು ಮಾತಾಡಾಕ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ! ಮತ್ತ ಇಷ್ಟೆಲ್ಲಾ ಮಾಡಿದ್ದು ಯಾರ ಸಲುವಾಗಿ?”

ಮುದುಕಿ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. “ನಿಮ್ಮ ಮುತ್ತಜ್ಜನ ಕಾಲದಾಗ ನಮ್ಮತ್ತಿ ವರ್ಷಕ್ಕೊಂದು ಕಂಬಳಿ ನೇಯ್ಸಿ ತಂದು ಈ ಹೊಸ್ತಿಲದ ಹೊರಗ ಇಟ್ಟು ಹೋಗಾಕಿ. ಕಂಬಳಿ ಒಳಗ ಹೋಗ್ತಿತ್ತು, ಆಕಿ ಹೋಗ್ತಿರಲಿಲ್ಲ. ಆಗ್ಲಿ ಬಿಡು. ಗದ್ದಿಗಿ ಕಂಬಳಿ ಕೊಡ್ತೀನಿ. ಆದ್ರ ಅದು ಒಂದ ಬರಂಗಿಲ್ಲ, ಅದರ ಜೋಡಿ ಬರಾವೆಲ್ಲಾ ಬರ್ತಾವ.”

“ಬರ್ಲಿ ಬರ್ಲಿ, ಎಲ್ಲಾನೂ ಬರ್ಲಿ,” ಎಂದ ಗಂಗಾಧರ. ಅವನ ಎದೆ ಉಬ್ಬಿತ್ತು. ಊರು ತನ್ನನ್ನು ಒಪ್ಪಿಕೊಳ್ಳುತ್ತಿದೆ.

ಎಲ್ಲವೂ ಬಂದವು. ಉದ್ಘಾಟನೆಯ ಬೆಳಿಗ್ಗೆ ಡೊಳ್ಳಿನವರು ಮುಂದೆ, ಮಡಿಸಿದ ಕಂಬಳಿಯನ್ನು ತಲೆಯ ಮೇಲೆ ಹೊತ್ತ ಹೊನ್ನೂರಸ್ವಾಮಿ ನಡುವೆ, ಭಂಡಾರದ ಚೀಲ ಹಿಡಿದ ಅಜ್ಜಯ್ಯ ಹಿಂದೆ. ಅಜ್ಜಯ್ಯ ಅವರ ಕುಲದ ಹಿರಿಯ, ಮೈಲಾರಕ್ಕೆ ನಡೆದೇ ಹೋಗಿಬರುವ ಮನುಷ್ಯ, ಅನಗತ್ಯವಾಗಿ ನಕ್ಕವನಲ್ಲ. ಅವನ ಹಿಂದೆ ಊರಿಗೆ ಊರೇ ಇತ್ತು. ಸುಮಲತಾ ಓಡಾಡಿ ಓಡಾಡಿ ಫೋಟೋ ತೆಗೆದಳು. “ಸಾರ್, ಇದನ್ನೆಲ್ಲ ನಾವು ಹೇಳಿ ಮಾಡಿಸೋಕೆ ಆಗ್ತಿರಲಿಲ್ಲ!” ಎಂದು ಅವಳು ಪಿಸುಗುಟ್ಟಿದ್ದು ನೂರಕ್ಕೆ ನೂರು ನಿಜ.

ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಅಜ್ಜಯ್ಯ ಭಂಡಾರ ಚೆಲ್ಲಿ ಗಂಗಾಧರನ ಹಣೆಗೂ ಬಳಿದ. ಗಂಗಾಧರ ಕ್ಯಾಮೆರಾ ಕಡೆ ತಿರುಗಿ ನಕ್ಕ. ಬಾಡಿಗೆಗೆ ತಂದಿದ್ದ ಮೈಕನ್ನು ಅವನೇ ಕೈಯಿಂದ ಬದಿಗೆ ಸರಿಸಿದ. ಜನರ ಮಟ್ಟದಲ್ಲಿ ಕುಳಿತವನಿಗೆ ಮೈಕೇಕೆ?

ಮುದ್ರಿಸಿ ತಂದ ಭಾಷಣವೊಂದಿತ್ತು. ಆದರೆ ಡೊಳ್ಳು, ಅರಿಶಿನ, ಅಷ್ಟೊಂದು ಕಣ್ಣು. ಅವನು ಕಾಗದ ಮಡಿಚಿ ಜೇಬಿಗಿಟ್ಟ.

“ನನ್ನ ಬಂಧುಗಳೇ, ಈ ವಾಡೆ ನಂದಲ್ಲ, ನಿಮ್ದು! ನಾನು ಬರೇ ಕಾಯಾಂವ. ಇವತ್ತಿನಿಂದ ಈ ಬಾಗ್ಲ ನಿಮಗ ಯಾವತ್ತೂ ಮುಚ್ಚಂಗಿಲ್ಲ. ನೀವು ಬರ್ರಿ, ನಿಮ್ಮ ಮಕ್ಕಳು ಬರ್ಲಿ, ನಿಮ್ಮ ದನಾಕರನೂ ಬರ್ಲಿ!”

ಕೊನೆಯದು ಆ ಕ್ಷಣದ ಸ್ಫೂರ್ತಿ. ದನಕರುಗಳ ಮಾತು ಭಾಷಣಕ್ಕೊಂದು ಮಣ್ಣಿನ ವಾಸನೆ ಕೊಡುತ್ತದೆಂದು ಅವನಿಗೆ ಅನ್ನಿಸಿತ್ತು.

ಅಜ್ಜಯ್ಯ ಕಂಬಳಿಯ ಅಂಚು ಮುಟ್ಟಿ ಹಣೆಗೊತ್ತಿಕೊಂಡು, “ಏಳುಕೋಟಿಗೋ...” ಎಂದು ಮೈಲಾರಲಿಂಗನ ಜೈಕಾರ ಎತ್ತಿದ. “ಏಳುಕೋಟಿ!” ಎಂದು ಊರು ಗುಡುಗಿತು. ಡೊಳ್ಳು ಬಿದ್ದವು. ತನ್ನ ಜೀವನದಲ್ಲಿ ಇಂಥ ಚಪ್ಪಾಳೆ ಕೇಳಿರಲಿಲ್ಲವೆಂದು ಗಂಗಾಧರ ಕಣ್ಣೊರೆಸಿಕೊಂಡ. ಹೊರಡುವಾಗ ಹೊನ್ನೂರಸ್ವಾಮಿಗೆ, “ಎಲ್ಲಾರೂ ಹೋದ ಮ್ಯಾಲೆ ಬೀಗ ಹಾಕು” ಎಂದು ಹೇಳಿ ಕಾರು ಹತ್ತಿದ. ಹೊನ್ನೂರಸ್ವಾಮಿ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ್ದು ಕಾರಿನ ಗಾಜಿನೊಳಗಿಂದ ಕಾಣಲಿಲ್ಲ.

ಮರುದಿನ ತಾಯಿಯನ್ನೂ ಕೂರಿಸಿಕೊಂಡು ಬಂದಾಗ ಗೇಟು ಹಾರುಹೊಡೆದಿತ್ತು. ಕುದುರೆಲಾಯದಲ್ಲಿ ಕುರಿ. ಪಡಸಾಲೆಯಲ್ಲಿ ಶಾವಿಗೆ ಮಣೆಗಳ ಸಾಲು. ನುಣ್ಣನೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಉಳಿ ಸುತ್ತಿಗೆ ಹಿಡಿದು ಚೌಕಾಬಾರದ ಮೊದಲ ಮನೆ ಕೊರೆಯುತ್ತಿದ್ದ. ಪ್ರತಿ ಏಟೂ ಗಂಗಾಧರನ ಹಲ್ಲಿಗೆ ತಾಗಿತು.

“ಲೇ ಹೊನ್ನೂರಸ್ವಾಮಿ! ಬೀಗ ಎಲ್ಲೈತಿ?”

“ಕಂಬಳಿ ಮ್ಯಾಲೆ ಇಟ್ಟೀನ್ರಿ.”

ನಿಜವಾಗಿಯೂ ಇಟ್ಟಿದ್ದ. ಕಂಬಳಿ ಹಾಸಿದಲ್ಲೇ ಇತ್ತು. ಅದರ ನಡುವೆ ಆ ದೊಡ್ಡ ಬೀಗ ಭಂಡಾರ ಬಳಿಸಿಕೊಂಡು, ಹೂವೇರಿಸಿಕೊಂಡು, ಯಾವುದೋ ಸಣ್ಣ ದೇವರಂತೆ ಕುಳಿತಿತ್ತು. ಪಕ್ಕದಲ್ಲಿ ಪಕ್ಕೀರಮ್ಮ.

“ಅದರ ಕೆಲಸ ಮುಗೀತಲ್ಲಪಾ ಇನ್ನ,” ಎಂದಳು.

“ಯವ್ವಾ, ಅದು ಭಾಷಣ. ಭಾಷಣದಾಗ ಎಲ್ಲಾರೂ ಹಂಗ ಅಂತಾರ.”

“ಅಂತಾರಪಾ, ಇಲ್ಲ ಅನ್ನಂಗಿಲ್ಲ. ಓಟಿಗೆ ಬಂದೋರೂ ಅಂತಾರ. ಅದಕ್ಕ ಅವರಿಗೆ ಮೈಕು ಕೊಡ್ತೀವಿ, ಕಂಬಳಿ ಕೊಡಂಗಿಲ್ಲ. ನಿನಗ ಮೈಕೂ ಇತ್ತು. ನೀನ ಬಾಜೂಕ ಸರಿಸಿದಿ.”

“ನಾನು ಮನಸಿನಾಗ ಹಂಗ ತಿಳಕಂಡಿರಲಿಲ್ಲ...”

“ಕುಂದ್ರಾಕೋ, ಮಾತಾಡಾಕೋ ಅಂತ ಕೇಳಿದ್ನೋ ಇಲ್ಲೋ? ನಮ್ಮ ಮೈದುನ್ರು ಕುರಿ ಹಂಚ್ಕಂಡಾಗ ಇದೇ ಕಟ್ಟಿ ಮ್ಯಾಲೆ ಬೆಲ್ಲ ಚೀಪ್ಕಂತ ಕುಂತು ನೋಡಿದ ಹುಡುಗ ಯಾರು? ಹಣಿಗೆ ಭಂಡಾರ ಹಚ್ಚಾಗ ಫೋಟೋಕ್ಕ ನಕ್ಕೋರು ಯಾರು?”

ಗಂಗಾಧರನಿಗೆ ಸಿಟ್ಟು ನೆತ್ತಿಗೇರಿತು. “ಕಾಗದ ಪತ್ರ ಎಲ್ಲಾ ನನ್ನ ಹೆಸರಿಲೇ ಐತಿ, ತಿಳ್ಕಾ!”

“ಇರ್ಲಿ ಬಿಡು,” ಎಂದಳು ಪಕ್ಕೀರಮ್ಮ ಸಮಾಧಾನದಿಂದ. “ಕಂದಾಯ ನೀನ ಕಟ್ಟು.”

ಶಾವಿಗೆ ಮಣೆಗಳ ಕಡೆಯಿಂದ ನಗೆ ಹೊರಟಿತು. ಅವನು ಬೆಂಬಲಕ್ಕೆಂದು ತಾಯಿಯ ಕಡೆ ತಿರುಗಿದ. ಕಲ್ಯಾಣಮ್ಮ ಅಷ್ಟರಲ್ಲೇ ಕಂಬಳಿಗೆ ಕೈಮುಗಿದು, ಬೆರಳಿಗೆ ಹತ್ತಿದ ಭಂಡಾರವನ್ನು ವಿಭೂತಿಯ ಕೆಳಗೆ ಹಚ್ಚಿಕೊಂಡಾಗಿತ್ತು.

“ಮೈಲಾರಲಿಂಗನ ಮುಂದ ಕೊಟ್ಟಿದ್ದು ಹಿಂದಕ್ಕ ತಗಂಡಿ ಅಂದ್ರ ನಿನ್ನ ಮನ್ಯಾಗ ನಾನು ತುತ್ತು ಎತ್ತಂಗಿಲ್ಲ ನೋಡು.”

“ಯವ್ವಾ, ನಾವು ಲಿಂಗವಂತ್ರು!”

“ಲಿಂಗವಂತ್ರಿಗೆ ನಾಲಿಗಿ ಒಂದೋ ಎಲ್ಡೋ?”

ಕೋರ್ಟಿಗೆ ಹೋಗಬಹುದಿತ್ತು. ಹರಪನಹಳ್ಳಿಯ ವಕೀಲರೊಬ್ಬರನ್ನು ಫೋನಿನಲ್ಲಿ ಕೇಳಿದ. ಕಂಬಳಿ ಕಾನೂನಿನ ಮುಂದೆ ಬರೀ ಉಣ್ಣೆ, ನೀವು ಗೆಲ್ಲುತ್ತೀರಿ ಎಂದರು ಅವರು. ಗೆಲ್ಲುವುದೇ ತೊಂದರೆಯಾಗಿತ್ತು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ಆಳೆತ್ತರದ ಫ್ಲೆಕ್ಸ್ ನಿಂತಿತ್ತು: ಹಣೆಯಲ್ಲಿ ಭಂಡಾರ, ಕೆಳಗೆ ಕಂಬಳಿ, ಎತ್ತಿದ ಕೈ, ‘ವಾಡೆಯನ್ನೇ ಜನರಿಗಿತ್ತ ದಾನಶೂರ’. ಹಾಕಿಸಿದವರು ‘ಅಭಿಮಾನಿ ಬಳಗ’. ಬಳಗದಲ್ಲಿದ್ದವನು ಗಂಗಾಧರನೊಬ್ಬನೇ, ಆದರೆ ಅದು ಓದುವವರಿಗೆ ಹೇಗೆ ಗೊತ್ತಾಗಬೇಕು? ಪತ್ರಿಕೆಯಲ್ಲೂ ಬಂತು. ಅಂಗಡಿಗೆ ಬಂದವರು ಕೈ ಹಿಡಿದು ಕುಲುಕಿದರು. ಕೂಡ್ಲಿಗಿಯಿಂದ ಯಾರೋ ಫೋನ್ ಮಾಡಿ ಅತ್ತರು. ವಾಡೆಯನ್ನು ಹಿಂದಕ್ಕೆ ಪಡೆದರೆ ಸಿಗುವುದು ವಾಡೆ ಮಾತ್ರ. ಹೆಸರು ಮತ್ತೆ ಸಿಮೆಂಟೇ, ಅದೂ ಮಾತು ತಪ್ಪಿದ ಸಿಮೆಂಟು. ಅವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ತೂಗಿ ನೋಡಿದ. ತೂಗುವುದು ಅವನಿಗೆ ಬರುತ್ತಿತ್ತು. ವಕೀಲರಿಗೆ ಮತ್ತೆ ಫೋನ್ ಮಾಡಲಿಲ್ಲ.

ಮುಂಗಾರು ಹಿಡಿದ ಮೇಲೆ ಸುಮಲತಾ ಒಂದಷ್ಟು ಜನರನ್ನು ಕರೆದುಕೊಂಡು ಬಂದಳು. ಹಳೆಯ ಮನೆಗಳನ್ನು ನೋಡುತ್ತ ಊರೂರು ತಿರುಗುವ ಮಂದಿ. ಗಂಗಾಧರ ಅವರ ಎದುರಿಗೆ ಹೇಗೆ ಮುಖ ತೋರಿಸುವುದೆಂದು ತಡಮಾಡಿ, ಮಳೆಯಲ್ಲೇ ಕಾರಿಳಿದು ಗೇಟಿಗೆ ಬಂದಾಗ ಅವರು ಆಗಲೇ ಒಳಗಿದ್ದರು. ಮಣೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಶಾವಿಗೆ ಹೊಸೆಯಲು ಕಲಿಯುತ್ತಿದ್ದರು. ಕುರಿಯ ಫೋಟೋ ತೆಗೆಯುತ್ತಿದ್ದರು. ಗೋಡೆಯ ಇರುವೆ ಸಾಲನ್ನೂ ಒಬ್ಬರು ಮೆಚ್ಚಿಕೊಂಡರು. ಸುಮಲತಾ ಕಂಬಕ್ಕೆ ಒರಗಿ, “ಇದೇ ನಮ್ಮ ಮಾದರಿ. ಮೊದಲಿನಿಂದಲೂ ಹೀಗೇ ಯೋಚಿಸಿದ್ವಿ,” ಎನ್ನುತ್ತಿದ್ದುದು ಮಳೆಯ ಸದ್ದಿನಲ್ಲೂ ಕೇಳಿಸಿತು. ‘ಕುರಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಸೂರಿನ ಕೆಳಗೆ ಅಂಗಾತ ಮಲಗಿತ್ತು. ಅದರ ಮೇಲೆ ನಿನ್ನೆಯ ಬಿಸಿಲಿಗೆ ಅರೆಬರೆ ಒಣಗಿದ ಸಂಡಿಗೆ ಇದ್ದವು.

ಒಳಗೆ ಹೋಗಲು ದಾರಿಯೇ ಇರಲಿಲ್ಲ. ನೆನೆಯಬಾರದೆಂದು ಹಿಂಡು ಪೂರ್ತಿ ಬಾಗಿಲ ಕಮಾನಿನ ಕೆಳಗೆ ಒತ್ತಿಕೊಂಡು ನಿಂತಿತ್ತು. ಗಂಗಾಧರ ಹೊರಗೆ, ಪಕ್ಕೀರಮ್ಮನ ಅತ್ತೆ ಕಂಬಳಿ ಇಟ್ಟು ಹೋಗುತ್ತಿದ್ದ ಹೊಸ್ತಿಲ ಆಚೆಗೆ, ಕರವಸ್ತ್ರ ತಲೆಗೆ ಹಾಕಿಕೊಂಡು ನಿಂತ. ಶಿವಲೀಲಾ ಅವನನ್ನು ಕಂಡು ಒಳಗಿನವರಿಗೆ ಕೂಗಿದಳು:

“ವಾಡೇದ ಗೌಡ್ರು ಬಂದಾರ, ಕುರಿ ಸರಸ್ರಿ!”

ಗಂಗಾಧರ ಕರವಸ್ತ್ರ ಕೈಗೆ ತೆಗೆದುಕೊಂಡ. ನೀರು ಕಣ್ಣಿಗಿಳಿಯಿತು.

“ಏನಂದಿ ಶಿವಲೀಲಾ?”

“ಕುರಿ ಸರಸ್ರಿ ಅಂದ್ನಿರಿ.”

“ಅಲ್ಲ, ಅದಕ್ಕೂ ಮೊದ್ಲು.”

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕಿವಿ ಮಂದವಾದವರಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ, ಇಡೀ ವಾಡೆಗೆ ಕೇಳುವಂತೆ ಇನ್ನೊಮ್ಮೆ ಹೇಳಿದಳು. ಗಂಗಾಧರ ಬೆನ್ನು ನೆಟ್ಟಗೆ ಮಾಡಿಕೊಂಡ.

ಕುರಿಗಳು ಸರಿಯಲಿಲ್ಲ.